ಬಿಡಲು ಕಾರೇ ಇಲ್ಲದವರಿಗೆ ಹವಾಮಾನದ ಸಿನಿಮಾ ಏನು ಹೇಳಬೇಕು?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಪದವಿಪೂರ್ವ ಕಾಲೇಜೊಂದರಲ್ಲಿ ಉಪನ್ಯಾಸಕಿ. ವಿಜ್ಞಾನ ಸಂಘದ ವತಿಯಿಂದ ಮಕ್ಕಳಿಗೆ ‘ಆ್ಯನ್ ಇನ್‌ಕನ್ವೀನಿಯಂಟ್ ಟ್ರೂತ್’ ಮತ್ತು ‘ಬಿಫೋರ್ ದ ಫ್ಲಡ್’ ಎಂಬ ಎರಡು ಸಾಕ್ಷ್ಯಚಿತ್ರಗಳನ್ನು ತೋರಿಸಿದೆವು. ಕೊನೆಗೆ ‘ನನ್ನ ಇಂಗಾಲದ ಹೆಜ್ಜೆಗುರುತನ್ನು’, ಅಂದರೆ ನನ್ನ ಬಳಕೆಯಿಂದ ಗಾಳಿಗೆ ಸೇರುವ ಇಂಗಾಲದ ಡೈಆಕ್ಸೈಡನ್ನು, ‘ತಗ್ಗಿಸುತ್ತೇನೆ’ ಎಂದು ಎಲ್ಲರಿಂದ ಪ್ರತಿಜ್ಞೆ ಮಾಡಿಸಬೇಕೆಂದಿದ್ದೆವು. ಆಗ ಒಬ್ಬ ಹುಡುಗಿ ಎದ್ದು, ‘ಮೇಡಂ, ನಮ್ಮ ಮನೆಯಲ್ಲಿ ಕಾರಿಲ್ಲ, ಎ.ಸಿ. ಇಲ್ಲ, ವಿಮಾನ ಹತ್ತಿದವರು ಯಾರೂ ಇಲ್ಲ. ನಾವು ಏನನ್ನು ಬಿಡಬೇಕು?’ ಎಂದಳು. ನನಗೆ ಉತ್ತರ ತೋಚಲಿಲ್ಲ. ಹೆಜ್ಜೆಗುರುತು ಎಂಬುದೇ ತೈಲ ಕಂಪನಿಗಳು ಹೂಡಿದ ಆಟ ಎಂದು ಸಹೋದ್ಯೋಗಿಯೊಬ್ಬರು ವಾದಿಸುತ್ತಾರೆ. ನನ್ನ ಅಣ್ಣ ಹೆಂಡತಿ ಮಕ್ಕಳೊಂದಿಗೆ ನ್ಯೂಜೆರ್ಸಿಯಲ್ಲಿದ್ದಾನೆ, ಪ್ರತಿವರ್ಷ ಅಮ್ಮನನ್ನು ನೋಡಲು ಬರುತ್ತಾನೆ. ಅವನಿಗೂ ಏನಾದರೂ ಹೇಳಬೇಕೇ? ಪ್ರತಿಜ್ಞೆ ಮಾಡಿಸಲೇ, ಬೇಡವೇ? ಇಂಥ ಚಿತ್ರಗಳಿಂದ ಉಪಯೋಗವಾದರೂ ಇದೆಯೇ?

ಉತ್ತರ: ಪ್ರತಿಜ್ಞೆ ಬೇಡ. ಬದಲಿಗೆ ಆ ಹುಡುಗಿಯ ಪ್ರಶ್ನೆಯನ್ನು ಕರಿಹಲಗೆಯ ಮೇಲೆ ದೊಡ್ಡದಾಗಿ ಬರೆಯಿರಿ. ಅದು ತರಲೆ ಪ್ರಶ್ನೆಯಲ್ಲ. 1992ರಲ್ಲಿ ವಿಶ್ವಸಂಸ್ಥೆಯ ರಿಯೋ ಪರಿಸರ ಶೃಂಗಸಭೆ ನಡೆದಂದಿನಿಂದ ಜಗತ್ತಿನ ಸರ್ಕಾರಗಳು ಜಗ್ಗಾಡುತ್ತಿರುವುದು ಇದೇ ವಿಷಯಕ್ಕೆ: ಯಾರು ಬಿಡಬೇಕು, ಎಷ್ಟು ಬಿಡಬೇಕು, ಬಿಡಲು ಏನೂ ಇಲ್ಲದವರು ಏನು ಮಾಡಬೇಕು.

ನೀವು ತೋರಿಸಿದ ಮೊದಲ ಚಿತ್ರ 2006ರದು. ಅಮೆರಿಕದ ಮಾಜಿ ಉಪಾಧ್ಯಕ್ಷ ಆಲ್ ಗೋರ್ ಊರೂರು ತಿರುಗಿ ಕೊಡುತ್ತಿದ್ದ ಉಪನ್ಯಾಸವನ್ನೇ ನಿರ್ದೇಶಕ ಡೇವಿಸ್ ಗುಗೆನ್‌ಹೈಮ್ ಸಿನಿಮಾ ಮಾಡಿದರು. ಅದಕ್ಕೆ ಆಸ್ಕರ್ ಬಂತು. 2007ರಲ್ಲಿ ಗೋರ್ ಅವರಿಗೂ ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿಗೂ ಜಂಟಿಯಾಗಿ ಶಾಂತಿ ನೊಬೆಲ್ ಬಂತು. ಚಿತ್ರ ಮುಗಿದ ಮೇಲೆ ಹೆಸರುಗಳ ನಡುನಡುವೆ ಒಂದೊಂದೇ ಸಲಹೆ ತೆರೆಯ ಮೇಲೆ ಬರುತ್ತದೆ, ನೆನಪಿರಬಹುದು: ಮನೆಯ ಥರ್ಮೋಸ್ಟಾಟ್ ಬದಲಿಸಿ, ಗಾಳಿ ನುಸುಳದಂತೆ ಮನೆಯನ್ನು ಭದ್ರಪಡಿಸಿ, ಸಾಧ್ಯವಾದರೆ ಹೈಬ್ರಿಡ್ ಕಾರು ಕೊಳ್ಳಿ. ಇದು ಯಾರಿಗೆ ಬರೆದ ಪಟ್ಟಿ? ಚಳಿಗಾಲವಿಡೀ ಇಡೀ ಮನೆಯನ್ನು ಬೆಚ್ಚಗಿಟ್ಟುಕೊಳ್ಳುವ, ಹಾಲು ತರಲೂ ಕಾರು ತೆಗೆಯುವ ಅಮೆರಿಕದ ಮಧ್ಯಮ ವರ್ಗಕ್ಕೆ. ಅವರ ಮಟ್ಟಿಗೆ ಪಟ್ಟಿ ಸರಿಯಾಗಿಯೇ ಇದೆ. ಏಪ್ರಿಲ್ ಬಿಸಿಲಿಗೆ ತಗಡಿನ ಮಾಡಿನ ಕೆಳಗೆ ಒಂದೇ ಫ್ಯಾನಿನಡಿ ಐವರು ಮಲಗುವ ಮನೆಯ ಹುಡುಗಿಯ ಮುಂದೆ ಅದನ್ನೇ ಹಿಡಿದರೆ ಅವಳು ನಗದೆ ಇದ್ದದ್ದೇ ದೊಡ್ಡದು.

ಲೆಕ್ಕ ಹಾಕಿ ನೋಡೋಣ. ನಿಮ್ಮ ಭಾಗದ ನಾಲ್ವರ ಸಾಮಾನ್ಯ ಕುಟುಂಬವೊಂದನ್ನು ಊಹಿಸಿಕೊಳ್ಳಿ. ತಿಂಗಳಿಗೆ 80 ಯೂನಿಟ್ ವಿದ್ಯುತ್, ವರ್ಷಕ್ಕೆ ಎಂಟು ಸಿಲಿಂಡರ್, ಒಂದು ಬೈಕಿಗೆ ತಿಂಗಳಿಗೆ 15 ಲೀಟರ್ ಪೆಟ್ರೋಲ್. ನಮ್ಮ ದೇಶದ ಜಾಲದಿಂದ ಬರುವ ಒಂದು ಯೂನಿಟ್ ವಿದ್ಯುತ್ತಿನ ಹಿಂದೆ ಸುಮಾರು 0.7 ಕಿಲೊ ಇಂಗಾಲದ ಡೈಆಕ್ಸೈಡ್ ಇರುತ್ತದೆ, ಬಹುಪಾಲು ಕಲ್ಲಿದ್ದಲಿನಿಂದಾಗಿ. ಒಂದು ಕಿಲೊ ಅಡುಗೆ ಅನಿಲ ಉರಿದರೆ ಸುಮಾರು 3 ಕಿಲೊ, ಒಂದು ಲೀಟರ್ ಪೆಟ್ರೋಲಿಗೆ ಸುಮಾರು 2.3 ಕಿಲೊ. ವರ್ಷದ ವಿದ್ಯುತ್ತಿನಿಂದ ಸುಮಾರು 670 ಕಿಲೊ, 14.2 ಕಿಲೊ ತೂಕದ ಎಂಟು ಸಿಲಿಂಡರ್‌ಗಳಿಂದ 340, ಬೈಕಿನಿಂದ 410. ಒಟ್ಟು 1,420 ಕಿಲೊ. ಒಬ್ಬೊಬ್ಬರ ಪಾಲಿಗೆ 355 ಕಿಲೊ. ತಿನ್ನುವ ಅಕ್ಕಿ, ಉಡುವ ಬಟ್ಟೆ, ಮನೆ ಕಟ್ಟಿದ ಸಿಮೆಂಟು, ಊರಿನ ರಸ್ತೆ, ಆಸ್ಪತ್ರೆ ಇವೆಲ್ಲ ಇದರಲ್ಲಿ ಸೇರಿಲ್ಲ. ದೇಶದ ಕಾರ್ಖಾನೆಗಳನ್ನೂ ಸೇರಿಸಿ ಹಂಚಿದರೆ ಸರಾಸರಿ ಭಾರತೀಯನ ಪಾಲಿಗೆ ವರ್ಷಕ್ಕೆ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಜಗತ್ತಿನ ಸರಾಸರಿ ಇದರ ಎರಡು ಪಟ್ಟಿಗೂ ಹೆಚ್ಚು, ಅಮೆರಿಕದವರದು ಸುಮಾರು 14 ಟನ್.

ಸರಾಸರಿಯನ್ನು ನಂಬಿ ಬೆನ್ನು ತಟ್ಟಿಕೊಳ್ಳುವ ಹಾಗೂ ಇಲ್ಲ. ಭಾರತದ ಸರಾಸರಿಯ ಮರೆಯಲ್ಲಿ ಬೆಂಗಳೂರಿನ ಶ್ರೀಮಂತ ಬಡಾವಣೆಗಳೂ ಅಡಗಿ ಕುಳಿತಿವೆ. ಮನೆಯ ಒಂದು ಕೋಣೆಯ ಎ.ಸಿ.ಯನ್ನು ಬೇಸಿಗೆಯ ನಾಲ್ಕು ತಿಂಗಳು ರಾತ್ರಿಗೆ ಎಂಟು ತಾಸಿನಂತೆ ಓಡಿಸಿದರೆ ಸುಮಾರು ಸಾವಿರ ಯೂನಿಟ್ ಆಗುತ್ತದೆ. ಮೇಲಿನ ಕುಟುಂಬ ಇಡೀ ವರ್ಷ ಬಳಸುವ ವಿದ್ಯುತ್ ಅಷ್ಟೇ. ವರ್ಷಕ್ಕೆ 12,000 ಕಿಲೋಮೀಟರ್ ಓಡುವ ಪೆಟ್ರೋಲ್ ಕಾರೊಂದು ಹತ್ತಿರಹತ್ತಿರ 1,850 ಕಿಲೊ ಉಗುಳುತ್ತದೆ. ಅದೊಂದೇ ಆ ಕುಟುಂಬದ ಇಡೀ ಲೆಕ್ಕವನ್ನು ಮೀರಿಸುತ್ತದೆ. ಜಗತ್ತಿನಲ್ಲೂ ಇದೇ ಕಥೆ: ಅತಿ ಶ್ರೀಮಂತ ಶೇ 10 ಮಂದಿಯ ಬಳಕೆಯೇ ಒಟ್ಟು ಹೊರಸೂಸುವಿಕೆಯ ಸುಮಾರು ಅರ್ಧಕ್ಕೆ ಕಾರಣ.

ಇನ್ನು ನಿಮ್ಮ ಅಣ್ಣ. ನ್ಯೂಯಾರ್ಕ್ ಕಡೆಯಿಂದ ಬೆಂಗಳೂರಿಗೆ ಹೋಗಿ ಬರುವ ವಿಮಾನಯಾನಕ್ಕೆ ಅಗ್ಗದ ದರ್ಜೆಯಲ್ಲೇ ತಲೆಗೆ ಸುಮಾರು 2 ಟನ್ ಆಗುತ್ತದೆ. ನಾಲ್ವರು ಬಂದರೆ 8 ಟನ್. ಹಾವೇರಿಯ ನಮ್ಮ ಕುಟುಂಬ ಐದು ವರ್ಷಕ್ಕೂ ಹೆಚ್ಚು ಕಾಲ ದೀಪ ಹಚ್ಚಿ, ಅಡುಗೆ ಮಾಡಿ, ಬೈಕು ಓಡಿಸಿದ್ದಕ್ಕೆ ಅದು ಸಮ. ಅಷ್ಟು ಎತ್ತರದಲ್ಲಿ ವಿಮಾನ ಬಿಡುವ ಆವಿ, ಹೊಗೆಯ ಎಳೆಗಳು ಬೇರೆ ಬಿಸಿ ಹೆಚ್ಚಿಸುತ್ತವೆ. ಇಷ್ಟು ಓದಿದ ಕೂಡಲೇ ಅಣ್ಣನಿಗೆ ಫೋನ್ ಮಾಡಿಬಿಡಬೇಡಿ. ಅಮೆರಿಕದ ಸಾಮಾನ್ಯ ಕಾರೊಂದು ವರ್ಷಕ್ಕೆ 4.6 ಟನ್ ಹೊರಸೂಸುತ್ತದೆ ಎಂದು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯೇ ಹೇಳುತ್ತದೆ. ಅವರ ಮನೆ ಮುಂದೆ ಎರಡು ಕಾರು ನಿಂತಿದ್ದರೆ ಅವೇ 9 ಟನ್ ದಾಟಿದವು. ಚಳಿಗಾಲಕ್ಕೆ ಮನೆ ಕಾಯಿಸುವ ಅನಿಲ ಇದರ ಮೇಲೆ. ಅಮ್ಮನನ್ನು ನೋಡಲು ಬರುವುದನ್ನು ನಿಲ್ಲಿಸು ಎನ್ನುವುದಕ್ಕಿಂತ, ಮುಂದಿನ ಕಾರು ವಿದ್ಯುತ್ತಿನದಾಗಲಿ, ಬಂದಾಗ ನಾಲ್ಕು ವಾರ ಹೆಚ್ಚಿಗೆ ಇದ್ದು ಎರಡು ವರ್ಷಕ್ಕೊಮ್ಮೆ ಬಾ ಎನ್ನುವುದು ಲೆಕ್ಕದ ದೃಷ್ಟಿಯಿಂದಲೂ ಸರಿ, ಅಮ್ಮನ ದೃಷ್ಟಿಯಿಂದಲೂ ಸರಿ. ಸ್ವೀಡನ್ನಿನಲ್ಲಿ ಕೆಲ ವರ್ಷಗಳ ಹಿಂದೆ ‘ವಿಮಾನದ ನಾಚಿಕೆ’ ಎಂಬ ಅಲೆಯೆದ್ದು 2019ರಲ್ಲಿ ಅಲ್ಲಿನ ಪ್ರಮುಖ ವಿಮಾನನಿಲ್ದಾಣಗಳ ಪ್ರಯಾಣಿಕರ ಸಂಖ್ಯೆ ಶೇ 4ರಷ್ಟು ಇಳಿದಿತ್ತು. ಅಲ್ಲಿ ರೈಲಿದೆ, ಅಟ್ಲಾಂಟಿಕ್ ದಾಟಬೇಕಾಗಿಲ್ಲ. ಸಾಗರದಾಚೆ ಮನೆ ಮಾಡಿದವರಿಗೆ ನಾಚಿಕೆಯನ್ನು ಹಂಚುವುದರಲ್ಲಿ ನನಗೆ ಆಸಕ್ತಿಯಿಲ್ಲ.

ನಮ್ಮ ಶಾಲೆ ಕಾಲೇಜುಗಳಲ್ಲಿ ಪ್ರತಿಜ್ಞೆಯ ಚಟ ಹೆಚ್ಚಿದ್ದಕ್ಕೆ ಒಂದು ಸರ್ಕಾರಿ ಹಿನ್ನೆಲೆಯೂ ಇದೆ. 2021ರಲ್ಲಿ ಗ್ಲಾಸ್ಗೋ ಹವಾಮಾನ ಸಮ್ಮೇಳನದಲ್ಲಿ ಪ್ರಧಾನಿ ಮೋದಿ ‘ಲೈಫ್’ ಎಂಬ, ಪರಿಸರಕ್ಕೊಪ್ಪುವ ಜೀವನಶೈಲಿಯ ಕರೆ ಕೊಟ್ಟರು. ಮರುವರ್ಷ ಅಕ್ಟೋಬರಿನಲ್ಲಿ ಗುಜರಾತಿನ ಕೇವಡಿಯಾದಲ್ಲಿ ಅದು ಅಭಿಯಾನವಾಯಿತು. ಅದರಡಿ 75 ಕ್ರಮಗಳ ಪಟ್ಟಿಯೇ ಇದೆ. ಅದರಲ್ಲಿ ಒಳ್ಳೆಯವೂ ಇವೆ. ತೊಂದರೆಯೆಂದರೆ ಇಂಥ ಪಟ್ಟಿಗಳಲ್ಲಿ ಆನೆ, ಇರುವೆ ಎಲ್ಲವೂ ಒಂದೇ ಸಾಲಿನಲ್ಲಿ ನಿಂತಿರುತ್ತವೆ. ಪ್ರತಿಜ್ಞಾಪತ್ರಗಳಲ್ಲಿ ತಪ್ಪದೆ ಕಾಣುವ ‘ಮೊಬೈಲ್ ಚಾರ್ಜರನ್ನು ಪ್ಲಗ್‌ನಿಂದ ತೆಗೆಯುತ್ತೇನೆ’ ಎಂಬುದನ್ನೇ ನೋಡಿ. ಸುಮ್ಮನೆ ಸಿಕ್ಕಿಸಿಟ್ಟ ಈಗಿನ ಚಾರ್ಜರ್ ವರ್ಷಕ್ಕೆ ಒಂದೆರಡು ಯೂನಿಟ್ ತಿಂದೀತು. ವರ್ಷವಿಡೀ ನೆನಪಿಟ್ಟು ಕಿತ್ತಿಟ್ಟರೂ ಅರ್ಧ ಲೀಟರ್ ಪೆಟ್ರೋಲಿನಷ್ಟು ಉಳಿತಾಯ. ಹದಿನಾರರ ಹುಡುಗರ ಉತ್ಸಾಹವನ್ನು ಇದಕ್ಕೆ ವ್ಯಯಿಸುವುದು ನನಗೆ ಸಂಕಟದ ವಿಷಯ. ದಿನಾ ಮಾಡುವ ಸಣ್ಣ ಅಭ್ಯಾಸಗಳಿಗಿಂತ ಹತ್ತು ಹದಿನೈದು ವರ್ಷಕ್ಕೊಮ್ಮೆ ಮಾಡುವ ನಿರ್ಧಾರಗಳಲ್ಲಿ ಇಂಗಾಲ ಹೆಚ್ಚು ಅಡಗಿದೆ: ಮನೆಯ ಮಾಡು ಎಂಥದ್ದು, ಗೀಸರೋ ಸೌರ ಹೀಟರೋ, ಫ್ರಿಜ್ಜಿನ ಮೇಲೆ ಎಷ್ಟು ನಕ್ಷತ್ರ, ಕೆಲಸದ ಜಾಗಕ್ಕೆ ಮನೆ ಎಷ್ಟು ದೂರ. ನಾಲ್ವರು ದಿನಕ್ಕೊಂದೊಂದು ಬಕೆಟ್ ಬಿಸಿನೀರನ್ನು ವಿದ್ಯುತ್ತಿನಲ್ಲಿ ಕಾಯಿಸಿದರೆ ಸುಮಾರು 2 ಯೂನಿಟ್; ವರ್ಷಕ್ಕೆ 600 ಯೂನಿಟ್ ದಾಟುತ್ತದೆ. ಸೌರ ಹೀಟರ್ ಅದರ ಬಹುಭಾಗವನ್ನು ಯಾವ ಪ್ರತಿಜ್ಞೆಯೂ ಇಲ್ಲದೆ ಉಳಿಸುತ್ತದೆ. ಹಾವೇರಿಯ ಹಳ್ಳಿಗಳಲ್ಲಿ ಬಚ್ಚಲ ಒಲೆಗೆ ಹತ್ತಿಕಟ್ಟಿಗೆ, ಗೋವಿನಜೋಳದ ದಂಟು ಹಾಕಿ ನೀರು ಕಾಯಿಸುವವರ ಲೆಕ್ಕ ಬೇರೆ. ಅಲ್ಲಿ ಚಿಂತಿಸಬೇಕಾದದ್ದು ಇಂಗಾಲಕ್ಕಿಂತ ಮೊದಲು ಹೆಂಗಸರ ಶ್ವಾಸಕೋಶಕ್ಕೆ ಹೋಗುವ ಹೊಗೆಯನ್ನು.

ನಿಮ್ಮ ಸಹೋದ್ಯೋಗಿಯ ಮಾತಿಗೆ ಬರುತ್ತೇನೆ. ಅರ್ಧ ನಿಜ. ಮನುಷ್ಯನ ಬಳಕೆಯನ್ನು ಹೆಜ್ಜೆಗುರುತಿನಿಂದ ಅಳೆಯುವ ಆಲೋಚನೆ ಹುಟ್ಟಿದ್ದು ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ, 1990ರ ದಶಕದಲ್ಲಿ. ವಿಲಿಯಂ ರೀಸ್ ಮತ್ತು ಅವರ ಶಿಷ್ಯ ಮ್ಯಾಥಿಸ್ ವಾಕರ್‌ನಾಗೆಲ್ ಅದನ್ನು ಬೆಳೆಸಿದವರು. ತೈಲ ಕಂಪನಿ ಬಿಪಿ ಅದನ್ನು ಹುಟ್ಟಿಸಲಿಲ್ಲ, ಆದರೆ ಮನೆಮಾತಾಗಿಸಿತು. ಪೆಟ್ರೋಲಿಯಂ ದಾಟಿದ ಕಂಪನಿ ತಾನು ಎಂದು 2000ದಲ್ಲಿ ಹೊಸ ವೇಷ ತೊಟ್ಟ ಬಿಪಿ, ಕೆಲ ವರ್ಷಗಳಲ್ಲೇ ದಾರಿಹೋಕರನ್ನು ಕ್ಯಾಮೆರಾ ಮುಂದೆ ನಿಲ್ಲಿಸಿ ‘ನಿಮ್ಮ ಇಂಗಾಲದ ಹೆಜ್ಜೆಗುರುತು ಎಷ್ಟು?’ ಎಂದು ಕೇಳುವ ಜಾಹೀರಾತು ಮಾಡಿತು. ಅಂತರಜಾಲದಲ್ಲಿ ಲೆಕ್ಕ ಹಾಕುವ ಯಂತ್ರವನ್ನೂ ಇಟ್ಟಿತು. ದಿನಕ್ಕೆ ಲಕ್ಷಾಂತರ ಪೀಪಾಯಿ ಎಣ್ಣೆ ತೆಗೆಯುವವನು ಬಸ್ಸಿಗೆ ಕಾಯುತ್ತಿರುವವನನ್ನು ಕೇಳಿದ ಪ್ರಶ್ನೆ ಅದು. ಇದು ಮೊದಲಲ್ಲ. 1971ರಲ್ಲಿ ಅಮೆರಿಕದ ಟಿವಿಯಲ್ಲಿ ಕಸ ಕಂಡು ಕಣ್ಣೀರು ಸುರಿಸುವ ಮೂಲನಿವಾಸಿಯೊಬ್ಬನ ಜಾಹೀರಾತು ಬಂದಿತ್ತು: ಮಾಲಿನ್ಯ ಶುರು ಮಾಡುವವರು ಜನ, ನಿಲ್ಲಿಸಬಲ್ಲವರೂ ಜನ ಎಂದು ಅದರ ಸಂದೇಶ. ಅದರ ಹಿಂದಿನ ಸಂಸ್ಥೆಗೆ ಹಣ ಹಾಕಿದವರಲ್ಲಿ ಡಬ್ಬಿ, ಬಾಟಲಿ ತಯಾರಿಸುವ ಕಂಪನಿಗಳಿದ್ದವು. ಕಣ್ಣೀರಿಟ್ಟ ನಟ ಮೂಲನಿವಾಸಿಯೂ ಅಲ್ಲ, ಇಟಲಿ ಮೂಲದವನು.

ಹಾಗೆಂದು ಅಳತೆಯನ್ನೇ ಎಸೆಯಬೇಕಿಲ್ಲ. ಮೋಸದ ಅಂಗಡಿಯವನು ಇಟ್ಟ ತಕ್ಕಡಿಯಲ್ಲಿ ಅವನನ್ನೂ ಕೂರಿಸಿ ತೂಗಬಹುದು. ಮೇಲೆ ನಾವು ಮಾಡಿದ್ದು ಅದನ್ನೇ. ಹಾವೇರಿ, ಬೆಂಗಳೂರು, ನ್ಯೂಜೆರ್ಸಿಗಳ ಪಾಲು ಎಷ್ಟೆಷ್ಟು ಎಂದು ತಿಳಿದದ್ದು ಅದರಿಂದಲೇ. ಯಾರು ಹೆಚ್ಚು ಬಿಡಬೇಕು ಎಂದು ತೋರಿಸಲು ಹೆಜ್ಜೆಗುರುತು ಒಳ್ಳೆಯ ಸಾಧನ. ಎಲ್ಲರೂ ಸಮಾನ ಪಾಪಿಗಳು ಎಂದು ಸಾರಲು ಬಳಸಿದಾಗ ಮಾತ್ರ ಅದು ಸುಳ್ಳಾಗುತ್ತದೆ.

ಈಗ ಆ ಹುಡುಗಿಯ ಪ್ರಶ್ನೆಗೆ ನೇರ ಉತ್ತರ. ಅವಳ ಮನೆಯವರು ಬಿಡಬೇಕಾದದ್ದು ಏನೂ ಇಲ್ಲ. ಅವಳ ಮನೆಗೆ ಬರುವ ವಿದ್ಯುತ್ತು ಬದಲಾಗಬೇಕಾಗಿದೆ. ಅವಳು ಸ್ವಿಚ್ ಒತ್ತಿದಾಗ ಬರುವ ಯೂನಿಟ್ಟು ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲು ಉರಿದು ಬಂದಿರಬಹುದು, ಗದುಗಿನ ಗುಡ್ಡಗಳ ಮೇಲಿನ ಗಾಳಿಯಂತ್ರದಿಂದ ಬಂದಿರಬಹುದು, ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕಿನಿಂದ ಬಂದಿರಬಹುದು. ಬಲ್ಬು ಒಂದೇ, ಬೆಳಕು ಒಂದೇ, ಹಿಂದಿನ ಇಂಗಾಲ ಮಾತ್ರ ಬೇರೆ. ಆ ಆಯ್ಕೆ ಅವಳ ಕೈಯಲ್ಲಿಲ್ಲ. ಸರ್ಕಾರ, ವಿದ್ಯುತ್ ನಿಯಂತ್ರಣ ಆಯೋಗ, ಹೆಸ್ಕಾಂನಂಥ ವಿದ್ಯುತ್ ವಿತರಣಾ ಕಂಪನಿಗಳು ಮಾಡುವ ಖರೀದಿ ಒಪ್ಪಂದಗಳಲ್ಲಿದೆ. ಹೊತ್ತು ಮುಳುಗಿದ ಮೇಲೆ ಪಾವಗಡ ಮಲಗುತ್ತದೆ, ಊರೆಲ್ಲ ದೀಪ ಹಚ್ಚುತ್ತದೆ. ಆ ಸಂಜೆಯ ಗಂಟೆಗಳಿಗೆ ವಿದ್ಯುತ್ತನ್ನು ಎಲ್ಲಿ ಕೂಡಿಡುವುದು ಎಂಬುದು ಈಗ ನಮ್ಮ ರಾಜ್ಯದ ನಿಜವಾದ ಹವಾಮಾನ ಪ್ರಶ್ನೆ. ಇದರ ಬಗ್ಗೆ ಸಿನಿಮಾ ಮಾಡಿದ್ದನ್ನು ನಾನು ಕಂಡಿಲ್ಲ, ಮಾಡಿದರೂ ಓಡುವುದಿಲ್ಲ.

ಜನರ ಬಳಕೆಯೂ ಬದಲಾಗುವುದಿಲ್ಲವೇ? ಆಗುತ್ತದೆ. ಆಗಿರುವ ರೀತಿ ಮಾತ್ರ ಪ್ರತಿಜ್ಞೆಯದಲ್ಲ. ನಮ್ಮ ಕಣ್ಣಮುಂದೆಯೇ ನಡೆದದ್ದನ್ನು ನೋಡಿ. 2014ರಲ್ಲಿ ಕೇಂದ್ರದ ಇಂಧನ ದಕ್ಷತಾ ಸಂಸ್ಥೆ ಕೊಂಡ ಒಂದು ಎಲ್‌ಇಡಿ ಬಲ್ಬಿನ ಬೆಲೆ 310 ರೂಪಾಯಿ. ಕೋಟಿಗಟ್ಟಲೆ ಬಲ್ಬುಗಳನ್ನು ಒಟ್ಟಿಗೆ ಕೊಳ್ಳುತ್ತ ಹೋದ ಹಾಗೆ 2016ರ ಹೊತ್ತಿಗೆ ಅದು 38 ರೂಪಾಯಿಗೆ ಇಳಿಯಿತು. ಉಜಾಲಾ ಯೋಜನೆಯಡಿ 36 ಕೋಟಿಗೂ ಹೆಚ್ಚು ಬಲ್ಬುಗಳು ಮನೆಗಳಿಗೆ ಹೋದವು. ನಮ್ಮಲ್ಲಿ ಅದಕ್ಕೆ ‘ಹೊಸ ಬೆಳಕು’ ಎಂಬ ಹೆಸರಿತ್ತು. 60 ವಾಟ್‌ನ ಹಳದಿ ಬಲ್ಬು ಹೋಗಿ 9 ವಾಟ್‌ನದು ಬಂತು. ಯಾರೂ ಎದೆ ಮುಟ್ಟಿಕೊಂಡು ಶಪಥ ಮಾಡಲಿಲ್ಲ. ಅಗ್ಗವಾಯಿತು, ಒಳ್ಳೆಯದಾಗಿತ್ತು, ಜನ ಕೊಂಡರು. ಹುಬ್ಬಳ್ಳಿ ಧಾರವಾಡದ ನಡುವೆ ಚಿಗರಿ ಬಸ್ಸು ತನ್ನದೇ ಪಥದಲ್ಲಿ ಓಡುವುದರಿಂದಲೇ ಅಲ್ಲಿ ಬೈಕು ಬಿಟ್ಟು ಬಸ್ಸು ಹತ್ತು ಎನ್ನುವ ಮಾತಿಗೆ ಅರ್ಥವಿದೆ. ದಿನಕ್ಕೆ ಎರಡೇ ಬಸ್ಸು ಬರುವ ಊರಿನವನಿಗೆ ಅದನ್ನೇ ಹೇಳಿದರೆ ಅದು ಉಪದೇಶ.

ಈ ದಾರಿಯಲ್ಲಿ ಯೋಚಿಸಿದವರಲ್ಲಿ ನಮ್ಮವರೇ ಒಬ್ಬರು ಮುಂಚೂಣಿಯಲ್ಲಿದ್ದರು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಅಮೂಲ್ಯ ರೆಡ್ಡಿ. 1974ರಲ್ಲಿ ಅವರು ಅಲ್ಲಿ ಕಟ್ಟಿದ, ಹಳ್ಳಿಗಳಿಗೆ ಒಗ್ಗುವ ತಂತ್ರಜ್ಞಾನದ ‘ಅಸ್ತ್ರ’ ಕೇಂದ್ರದಿಂದಲೇ ಕಟ್ಟಿಗೆ ಕಡಿಮೆ ಬೇಡುವ, ಹೊಗೆಯನ್ನು ಕೊಳವೆಯಲ್ಲಿ ಹೊರಗಟ್ಟುವ ಅಸ್ತ್ರ ಒಲೆ ಬಂದದ್ದು. ನಿಮ್ಮ ಕಾಲೇಜಿನ ಹಿರಿಯ ಸಿಬ್ಬಂದಿಯ ಮನೆಗಳಲ್ಲಿ ಅದು ಇದ್ದಿರಲೂಬಹುದು. 1980ರ ದಶಕದಲ್ಲಿ ರಾಜ್ಯದ ಮುಂದಿನ ವಿದ್ಯುತ್ ಬೇಡಿಕೆಗೆ ಸ್ಥಾವರದ ಮೇಲೆ ಸ್ಥಾವರ ಕಟ್ಟುವ ಯೋಜನೆಗಳು ಬಂದಾಗ, ರೆಡ್ಡಿ ಪ್ರಶ್ನೆಯನ್ನೇ ತಿರುಗಿಸಿದರು: ಜನರಿಗೆ ಬೇಕಾದದ್ದು ಯೂನಿಟ್ಟೋ, ಅಥವಾ ಬೆಳಕು, ಬೆಂದ ಅನ್ನ, ಮೇಲೆ ಬಂದ ನೀರೋ? ಇವನ್ನು ಕಡಿಮೆ ಯೂನಿಟ್ಟಿನಲ್ಲಿ ಕೊಡುವ ಬಗೆ ಯಾವುದು? ಬಡವರಿಗೆ ಹೆಚ್ಚು ಸೇವೆ, ಒಟ್ಟಾರೆ ಕಡಿಮೆ ವ್ಯರ್ಥ, ಇವೆರಡೂ ಒಟ್ಟಿಗೆ ಸಾಧ್ಯ ಎಂದು ಅಂಕಿಗಳೊಂದಿಗೆ ತೋರಿಸಿದರು. ಹವಾಮಾನದ ಚರ್ಚೆ ಪತ್ರಿಕೆಗಳ ಮುಖಪುಟಕ್ಕೆ ಬರುವ ಮೊದಲಿನ ಮಾತು ಅದು. ಅವರ ಮಾತಿಗೆ ಆಗ ಸಿಗಬೇಕಾದಷ್ಟು ಕಿವಿ ಸಿಗಲಿಲ್ಲ ಎಂಬುದು ನನ್ನ ಅಭಿಪ್ರಾಯ. ಇಂದಿಗೂ ಪೂರ್ತಿ ಸಿಕ್ಕಿಲ್ಲ. ರಾಜ್ಯದ ವಿದ್ಯುತ್ತಿನ ಮೂರನೆಯ ಒಂದು ಪಾಲಿನಷ್ಟನ್ನು ಕುಡಿಯುವ ಪಂಪ್‌ಸೆಟ್‌ಗಳಲ್ಲಿ ಎಷ್ಟು ಹಳೆಯವು, ಎಷ್ಟು ವ್ಯರ್ಥದವು ಎಂದು ಯಾವ ರೈತನನ್ನಾದರೂ ಕೇಳಿ.

ಒಬ್ಬೊಬ್ಬರ ಸಂಯಮದ ಮಿತಿಯನ್ನು 2020 ತೋರಿಸಿಕೊಟ್ಟಿತು. ಏಪ್ರಿಲಿನ ಮೊದಲ ವಾರ ಅರ್ಧ ಜಗತ್ತು ಮನೆಯೊಳಗಿತ್ತು, ವಿಮಾನಗಳು ನೆಲದ ಮೇಲಿದ್ದವು. ಆ ಉತ್ತುಂಗದಲ್ಲೂ ಜಗತ್ತಿನ ದೈನಿಕ ಹೊರಸೂಸುವಿಕೆ ಇಳಿದದ್ದು ಶೇ 17ರಷ್ಟು. ಇಡೀ ವರ್ಷದ ಲೆಕ್ಕದಲ್ಲಿ ಇಳಿಕೆ ಶೇ 5ರ ಆಸುಪಾಸು, ಮರುವರ್ಷವೇ ಮತ್ತೆ ಏರಿತು. ಎಲ್ಲರೂ ಮನೆಯಲ್ಲಿ ಕೂತರೂ ಉಕ್ಕಿನ ಕುಲುಮೆ, ಸಿಮೆಂಟಿನ ಗೂಡು, ಕಲ್ಲಿದ್ದಲ ಸ್ಥಾವರ ಉರಿಯುತ್ತಲೇ ಇದ್ದವು. ಇನ್ನೊಂದು ಮಗ್ಗುಲೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಐಪಿಸಿಸಿ ತನ್ನ 2022ರ ವರದಿಯಲ್ಲಿ ಮೊದಲ ಬಾರಿಗೆ ಬಳಕೆಯ ಬದಿಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿತು. ಅದರ ನೇತೃತ್ವ ವಹಿಸಿದವರಲ್ಲಿ ಒಬ್ಬರು ಬಂಗಾಳದ ಅರ್ಥಶಾಸ್ತ್ರಜ್ಞೆ ಜಯಶ್ರೀ ರಾಯ್. ಬಳಕೆಯ ಬದಿಯ ಕ್ರಮಗಳಿಂದ 2050ರ ಹೊತ್ತಿಗೆ ಶೇ 40ರಿಂದ 70ರಷ್ಟು ಕಡಿತ ಸಾಧ್ಯ ಎನ್ನುತ್ತದೆ ಅದು. ದೊಡ್ಡ ಅಂಕಿ. ಆದರೆ ಆ ‘ಬಳಕೆಯ ಬದಿ’ಯೊಳಗೆ ಊರಿನ ವಿನ್ಯಾಸ, ಬಸ್ಸು ರೈಲು, ಕಟ್ಟಡದ ನಿಯಮ, ಅಗ್ಗದ ದಕ್ಷ ಸಾಧನ ಎಲ್ಲ ಬರುತ್ತವೆ. ಮನಸ್ಸು ಗಟ್ಟಿ ಮಾಡಿಕೊಂಡರೆ ಶೇ 70 ಎಂದು ಅದನ್ನು ಓದಬಾರದು.

ಸಿನಿಮಾದಿಂದ ಉಪಯೋಗವಿದೆಯೇ ಎಂದು ಕೇಳಿದ್ದೀರಿ. ಇದನ್ನು ಅಳೆದು ನೋಡಿದವರಿದ್ದಾರೆ. ಗೋರ್ ಅವರ ಚಿತ್ರ ಓಡಿದ ಚಿತ್ರಮಂದಿರಗಳಿಂದ 10 ಮೈಲಿಯೊಳಗಿನ ಪ್ರದೇಶದಲ್ಲಿ, ಬಿಡುಗಡೆಯಾದ ಎರಡು ತಿಂಗಳಲ್ಲಿ, ತಮ್ಮ ಹೊಗೆಗೆ ಪ್ರತಿಯಾಗಿ ಹಣ ಕೊಟ್ಟು ‘ಇಂಗಾಲ ಪರಿಹಾರ’ ಕೊಳ್ಳುವವರ ಖರೀದಿ ಶೇ 50ರಷ್ಟು ಹೆಚ್ಚಿತ್ತು ಎಂದು ಅರ್ಥಶಾಸ್ತ್ರಜ್ಞ ಗ್ರಾಂಟ್ ಜೇಕಬ್ಸನ್ ಕಂಡುಕೊಂಡರು. ವರ್ಷ ಕಳೆಯುವಷ್ಟರಲ್ಲಿ ಆ ಉಬ್ಬರ ಇಳಿದಿತ್ತು. ಮನಶ್ಶಾಸ್ತ್ರಜ್ಞೆ ಜೆಸ್ಸಿಕಾ ನೋಲನ್ ಅದೇ ಚಿತ್ರ ನೋಡಿದವರನ್ನು ವಿಚಾರಿಸಿದಾಗ ತಿಳಿವಳಿಕೆ, ಕಾಳಜಿ, ಏನಾದರೂ ಮಾಡುವ ಮನಸ್ಸು ಮೂರೂ ಹೆಚ್ಚಿದ್ದವು. ತಿಂಗಳ ಬಳಿಕ ಕೇಳಿದಾಗ ಮನಸ್ಸು ಕೆಲಸವಾಗಿರಲಿಲ್ಲ. ನಿಮ್ಮ ಪ್ರತಿಜ್ಞೆಯ ಗತಿಯೂ ಅದೇ ಆಗುತ್ತಿತ್ತು. ಇದಕ್ಕೆ ಹೋಲಿಸಿದರೆ ಬ್ರಿಟನ್ನಿನಲ್ಲಿ ನಡೆದದ್ದು ಸ್ವಾರಸ್ಯಕರ. 2009ರಲ್ಲಿ ‘ದ ಏಜ್ ಆಫ್ ಸ್ಟುಪಿಡ್’ ಚಿತ್ರ ಮಾಡಿದ ಫ್ರಾನಿ ಆರ್ಮ್‌ಸ್ಟ್ರಾಂಗ್ ಅಲ್ಲಿಗೇ ಬಿಡಲಿಲ್ಲ. 2010ರಲ್ಲಿ ಹೊರಸೂಸುವಿಕೆಯನ್ನು ಶೇ 10 ತಗ್ಗಿಸಿ ಎಂದು ಶಾಲೆ, ನಗರಸಭೆ, ಕಂಪನಿಗಳ ಬೆನ್ನು ಹತ್ತಿದರು. ಪ್ರಧಾನಿಯಾಗಿ ಅಧಿಕಾರಕ್ಕೆ ಬಂದ ಡೇವಿಡ್ ಕ್ಯಾಮರೂನ್ ಕೇಂದ್ರ ಸರ್ಕಾರದ ಕಚೇರಿಗಳನ್ನು ಆ ಗುರಿಗೆ ಒಪ್ಪಿಸಿದರು. ವರ್ಷದಲ್ಲಿ ಆ ಕಚೇರಿಗಳ ಹೊರಸೂಸುವಿಕೆ ಸುಮಾರು ಶೇ 14 ಇಳಿಯಿತು. ಪ್ರೇಕ್ಷಕನ ಎದೆಯಲ್ಲಿ ಎದ್ದ ಕಾವು ಆರುವ ಮೊದಲೇ ಅದನ್ನು ಒಂದು ಸಂಸ್ಥೆಯ ಬಾಗಿಲಿಗೆ ಒಯ್ದರೆ ಏನೋ ಆಗುತ್ತದೆ.

ಹೇಳುವವನ ಸ್ವಂತ ಹೆಜ್ಜೆಯನ್ನು ಜನ ನೋಡುತ್ತಾರೆ ಎಂಬುದೂ ನಿಜ. ಗೋರ್ ಅವರ ಚಿತ್ರಕ್ಕೆ ಆಸ್ಕರ್ ಬಂದ ಮರುದಿನವೇ ಟೆನೆಸ್ಸಿಯ ಒಂದು ಸಂಘಟನೆ ಅವರ ಮನೆಯ ವಿದ್ಯುತ್ ಬಿಲ್ಲನ್ನು ಬಯಲಿಗಿಟ್ಟಿತು: ವರ್ಷಕ್ಕೆ ಸುಮಾರು 2,21,000 ಯೂನಿಟ್, ಅಮೆರಿಕದ ಸರಾಸರಿ ಮನೆಯ 20 ಪಟ್ಟು. ಇದರಿಂದ ಹಿಮನದಿ ಕರಗುವುದು ಸುಳ್ಳಾಗಲಿಲ್ಲ, ಆದರೆ ಕೇಳುವವರ ಕಿವಿ ಮುಚ್ಚಿತು. ಹವಾಮಾನದ ಬುದ್ಧಿ ಹೇಳುವವರ ಮನೆಯ ಬಳಕೆ ಹೆಚ್ಚಿದ್ದರೆ ಅವರ ಮಾತಿನ ಬೆಲೆ ಇಳಿಯುತ್ತದೆ, ತಗ್ಗಿಸಿಕೊಂಡರೆ ಮತ್ತೆ ಏರುತ್ತದೆ ಎಂದು ಸಂಶೋಧಕಿ ಶಹಜೀನ್ ಅತ್ತಾರಿ ಮತ್ತು ಸಂಗಡಿಗರು ಅಧ್ಯಯನದಿಂದಲೇ ತೋರಿಸಿದ್ದಾರೆ. ವೈಯಕ್ತಿಕ ಮಿತಬಳಕೆಗೆ ನಾನು ಕೊಡುವ ದೊಡ್ಡ ಬೆಲೆ ಇದೇ. ಅದು ಆಕಾಶದಿಂದ ತೆಗೆಯುವ ಟನ್ನುಗಳು ಅತ್ಯಲ್ಪ, ಆದರೆ ಪಂಚಾಯಿತಿಯಲ್ಲೋ ಕಾಲೇಜಿನ ಸಭೆಯಲ್ಲೋ ಎದ್ದುನಿಂತು ಮಾತಾಡಲು ಬೇಕಾದ ಕಸುವನ್ನು ಅದು ಕೊಡುತ್ತದೆ.

ಈ ಚಿತ್ರಗಳು ಹೇಳಿದ್ದೆಲ್ಲ ವೇದವಾಕ್ಯವೂ ಅಲ್ಲ. ಗೋರ್ ಚಿತ್ರವನ್ನು ಶಾಲೆಗಳಲ್ಲಿ ತೋರಿಸುವುದರ ವಿರುದ್ಧ ದಾಖಲಾದ ಮೊಕದ್ದಮೆಯಲ್ಲಿ 2007ರಲ್ಲಿ ಇಂಗ್ಲೆಂಡಿನ ಹೈಕೋರ್ಟು, ಅದರ ಮೂಲ ವಿಜ್ಞಾನ ಸರಿಯಿದೆ ಎನ್ನುತ್ತಲೇ ಒಂಬತ್ತು ಕಡೆ ವಿಜ್ಞಾನಿಗಳ ಒಮ್ಮತದಿಂದ ಆಚೀಚೆ ಸರಿದಿದೆ ಎಂದು ಗುರುತಿಸಿ, ಮಾರ್ಗದರ್ಶಿ ಟಿಪ್ಪಣಿಯೊಂದಿಗೆ ತೋರಿಸಲು ಹೇಳಿತು. 2014ರ ‘ಕೌಸ್ಪಿರಸಿ’ ಸಾಕ್ಷ್ಯಚಿತ್ರವಂತೂ ಹಸಿರುಮನೆ ಅನಿಲಗಳಲ್ಲಿ ಶೇ 51 ಜಾನುವಾರು ಸಾಕಣೆಯದು ಎಂಬ ಅಂಕಿಯನ್ನು ಎತ್ತಿ ಹಿಡಿಯಿತು, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ ಅದರ ಹಿಂದಿನ ವರ್ಷವಷ್ಟೇ ಕೊಟ್ಟ ಅಂಕಿ ಶೇ 14.5. ಮಾಂಸಕ್ಕಾಗಿ ಕಾಡು ಕಡಿದು ದನ ಬೆಳೆಸುವ, ದಿನಾ ಅದನ್ನೇ ತಿನ್ನುವ ದೇಶಗಳಿಗೆ ಆ ಚರ್ಚೆ ಅಗತ್ಯ. ವಾರಕ್ಕೊಮ್ಮೆ ಕೋಳಿಯೋ ಮೀನೋ ತಿನ್ನುವ ಮನೆಯ ಮಕ್ಕಳು ನಿಮ್ಮ ತರಗತಿಯಲ್ಲಿ ತಲೆ ತಗ್ಗಿಸಿ ಕೂರುವಂತಾಗಬಾರದು. ತಟ್ಟೆಯ ವಿಚಾರದಲ್ಲಿ ನಮ್ಮಲ್ಲಿ ಮೊದಲೇ ಇರುವ ಜಾತಿಯ ಜಗಳಕ್ಕೆ ಹವಾಮಾನವನ್ನು ಸಾಕ್ಷಿಗೆ ಕರೆಯುವುದು ಬೇಡ.

ಪ್ರತಿಜ್ಞೆಯ ಬದಲು ಏನು? ಎಲ್ಲರೂ ಮನೆಯ ವಿದ್ಯುತ್ ಬಿಲ್ಲು ತರಲಿ. ಗೃಹಜ್ಯೋತಿಯಿಂದ ಕಟ್ಟಬೇಕಾದ ಹಣ ಸೊನ್ನೆಯಾದ ಬಿಲ್ಲಿನ ಮೇಲೂ ಯೂನಿಟ್ಟು ಅಚ್ಚಾಗಿರುತ್ತದೆ. ಸಿಲಿಂಡರ್, ಪೆಟ್ರೋಲನ್ನು ಮನೆಯವರನ್ನು ಕೇಳಿ ಬರೆದುಕೊಳ್ಳಲಿ. ಹೆಸರು ಹಾಕಿಸಬೇಡಿ, ಯಾರ ಮನೆ ಬಡದು, ಯಾರದು ಸಿರಿವಂತದ್ದು ಎಂದು ತರಗತಿಗೆ ತಿಳಿಯಬೇಕಿಲ್ಲ. ಮೇಲೆ ಕೊಟ್ಟ 0.7, 3, 2.3 ಎಂಬ ಮೂರು ಗುಣಕಗಳಿಂದ ಲೆಕ್ಕ ಹಾಕಿಸಿ, ಅತಿ ಕಡಿಮೆ ಮತ್ತು ಅತಿ ಹೆಚ್ಚಿನ ಮನೆಗಳ ನಡುವಿನ ಅಂತರವನ್ನು ಹಲಗೆಯ ಮೇಲೆ ಬರೆಯಿರಿ. ಆಮೇಲೆ ಕಾಲೇಜಿನದೇ ಬಿಲ್ಲು ತರಿಸಿ. ಕಟ್ಟಡದ ಮಾಡಿನ ಮೇಲೆ ಸೌರ ಫಲಕ ಹಾಕಿದರೆ ಹಗಲಿನ ಬಳಕೆಯಲ್ಲಿ ಎಷ್ಟು ಬರುತ್ತದೆ ಎಂದು ಮಕ್ಕಳೇ ಅಂದಾಜು ಮಾಡಿ ಕಾಲೇಜು ಅಭಿವೃದ್ಧಿ ಸಮಿತಿಗೆ ಅರ್ಜಿ ಕೊಡಲಿ. ಕಾಲೇಜು ನಡೆಯುವುದು ಹಗಲಿನಲ್ಲೇ ಆದ್ದರಿಂದ, ಕೂಡಿಡುವ ತಲೆನೋವಿಲ್ಲದೆ ಸೌರಶಕ್ತಿ ಸರಿಹೊಂದುವ ಜಾಗ ಅದು. ಸಂಜೆ ಕಾಲೇಜು ಬಿಟ್ಟ ಮೇಲೆ ಒಂದೂವರೆ ಗಂಟೆ ಬಸ್ಸಿಗೆ ಕಾಯುವ ಮಕ್ಕಳಿದ್ದರೆ ಡಿಪೊ ವ್ಯವಸ್ಥಾಪಕರಿಗೆ ಇನ್ನೊಂದು ಅರ್ಜಿ. ಅರ್ಜಿ ತಿರಸ್ಕೃತವಾಗಬಹುದು. ಆದರೂ ಯಾವ ಬಾಗಿಲನ್ನು ತಟ್ಟಬೇಕು ಎಂದು ಕಲಿತಿರುತ್ತಾರೆ.

ಚಿತ್ರ ತೋರಿಸುವುದನ್ನು ನಿಲ್ಲಿಸಬೇಡಿ. ‘ಬಿಫೋರ್ ದ ಫ್ಲಡ್’ ಅನ್ನು ಮತ್ತೆ ಹಾಕಿದರೆ ಹಾಲಿವುಡ್ ನಟ ಲಿಯೊನಾರ್ಡೊ ಡಿಕ್ಯಾಪ್ರಿಯೊ ದೆಹಲಿಯ ಪರಿಸರವಾದಿ ಸುನೀತಾ ನಾರಾಯಣ್ ಅವರನ್ನು ಭೇಟಿಯಾಗುವ ಭಾಗದಲ್ಲಿ ನಿಲ್ಲಿಸಿ. ಒಬ್ಬ ಅಮೆರಿಕನ್ ಮನೆಯಲ್ಲಿ ಬಳಸುವ ವಿದ್ಯುತ್ತು 34 ಭಾರತೀಯರದಕ್ಕೆ ಸಮ ಎಂದು ಆಕೆ ಮುಖಕ್ಕೆ ಹೇಳುತ್ತಾರೆ. ಅದು ಸರಿಯಾದರೂ ಅಮೆರಿಕದ ಜನ ಜೀವನಶೈಲಿ ಬದಲಿಸಲಿಕ್ಕಿಲ್ಲ, ಸೌರಶಕ್ತಿ ಅಗ್ಗವಾದೀತು ಎಂದು ನಂಬೋಣ ಎಂಬ ಅರ್ಥದಲ್ಲಿ ಆತ ಉತ್ತರಿಸುತ್ತಾನೆ. ಅಷ್ಟು ಸುಲಭವಾಗಿದ್ದರೆ ನೀವೇ ಮೊದಲು ಮಾಡಬಹುದಿತ್ತಲ್ಲ ಎಂಬುದು ಆಕೆಯ ಮರುಮಾತಿನ ತಿರುಳು. ಆ ಮೂರು ನಿಮಿಷದ ಮೇಲೆ ಒಂದು ಇಡೀ ಅವಧಿ ಚರ್ಚೆ ಮಾಡಬಹುದು.

ಮುಂದಿನ ಪ್ರದರ್ಶನಕ್ಕೆ ನನ್ನ ಆಯ್ಕೆ ನೀಲಮಾಧವ ಪಾಂಡಾ ನಿರ್ದೇಶನದ ‘ಕಡ್ವೀ ಹವಾ’, 2017ರದು. ಮಳೆ ಮರೆತ ಊರಿನಲ್ಲಿ ಮಗ ಸಾಲಕ್ಕೆ ಹೆದರಿ ಪ್ರಾಣ ಕಳೆದುಕೊಂಡಾನೆಂದು ನಡುಗುವ ಕುರುಡು ಮುದುಕ, ಸಂಜಯ್ ಮಿಶ್ರಾ. ಸಾಲ ವಸೂಲಿಗೆ ಬರುವವನ ಮನೆಯನ್ನು ಒಡಿಶಾದ ಕರಾವಳಿಯಲ್ಲಿ ಸಮುದ್ರ ನುಂಗಿದೆ. ಹೊಗೆ ಬಿಟ್ಟವರು ತೆರೆಯ ಮೇಲೆ ಎಲ್ಲೂ ಇಲ್ಲ, ಅನುಭವಿಸುವ ಇಬ್ಬರು ಒಬ್ಬರನ್ನೊಬ್ಬರು ಹಿಂಡುತ್ತಾರೆ. ಅದರ ಜೊತೆಗೆ, ಹವಾಮಾನದ ಚಿತ್ರವಲ್ಲದಿದ್ದರೂ, ಗಿರೀಶ ಕಾಸರವಳ್ಳಿಯವರ ‘ದ್ವೀಪ’ವನ್ನು ತೋರಿಸಿ, ನಾ. ಡಿಸೋಜ ಅವರ ಕಾದಂಬರಿಯಿಂದ ಬಂದ, ಅಣೆಕಟ್ಟಿನ ಹಿನ್ನೀರು ಏರುತ್ತಿರುವಾಗ ಮನೆ ಬಿಡಲೊಲ್ಲದ ಕುಟುಂಬದ ಕಥೆ. ಭಾಷೆ ನಮ್ಮದೇ ಆದ್ದರಿಂದ ಅದಕ್ಕೆ ಪೀಠಿಕೆ ಬೇಕಿಲ್ಲ. ‘ಕಡ್ವೀ ಹವಾ’ದ ಹಿಂದಿ ಮಾತ್ರ ಸ್ವಲ್ಪ ಗ್ರಾಮ್ಯ, ನಿಮ್ಮ ಮಕ್ಕಳಿಗೆ ಎಡವಿದಂತಾಗಬಹುದು, ಹಿಂದಿನ ದಿನ ನೀವೊಮ್ಮೆ ನೋಡಿಕೊಂಡು, ಕಥೆಯ ಮೊದಲರ್ಧವನ್ನು ಕನ್ನಡದಲ್ಲಿ ಹತ್ತು ನಿಮಿಷ ಹೇಳಿ ಆಮೇಲೆ ಹಾಕಿ.